ಗುಡ್ಡದ ಬಲಗೈ

ನಮ್ಮ ಆಸ್ಪತ್ರೆಯ ಹಾಜರಿ ಪುಸ್ತಕದಲ್ಲಿ ಅವರಿಗೊಂದು ಹೆಸರಿತ್ತು. ಆದರೆ ಆ ಹೆಸರು ಹಿಡಿದು ಅವರನ್ನು ಯಾರಾದರೂ ಕರೆದದ್ದನ್ನು ನಾನು ಕೇಳಿಲ್ಲ. ದೊಡ್ಡ ಡಾಕ್ಟರಿಂದ ಹಿಡಿದು ಗೇಟಿನ ಕಾವಲುಗಾರನವರೆಗೆ ಎಲ್ಲರಿಗೂ ಅವರು ಎಕ್ಸ್‌ರೇ ಅಕ್ಕಾರು. ನಾನಿಲ್ಲಿ ಹೆಸರು ಬರೆದರೆ ಅವರ ಜೊತೆ ಇಪ್ಪತ್ತು ವರ್ಷ ದುಡಿದವರೇ "ಇದ್ಯಾರ್ರಿ ಈ ಹೆಣ್ಮಗಳು?" ಎಂದು ಕೇಳಿಯಾರು. ಹಾಗಾಗಿ ಹೆಸರು ಬೇಡ.

ನಾನು ಹೊಸಪೇಟೆಯ ಅದೇ ಆಸ್ಪತ್ರೆಯಲ್ಲಿ ಔಷಧಿ ಕೊಡುವವನು. ನನ್ನ ಕಿಟಕಿಯ ಎದುರಿಗೇ ಎಕ್ಸ್‌ರೇ ಕೋಣೆ. ನಡುವೆ ಒಂದು ಪಡಸಾಲೆ. ಎಕ್ಸ್‌ರೇ ಕೋಣೆಯ ಬಾಗಿಲಿನಿಂದ ಪಡಸಾಲೆಯ ತುದಿಯವರೆಗೆ ಉದ್ದನೆಯ ಬೋಳು ಗೋಡೆ. ಆ ಗೋಡೆಗೆ ಮುಖ ಮಾಡಿ, ನನ್ನ ಕಿಟಕಿಯ ಕೆಳಗೆ ಎರಡು ಸಿಮೆಂಟಿನ ಬೆಂಚು. ಎದೆಯ ಫೋಟೋ ತೆಗೆಸಿಕೊಳ್ಳಲು ಬಂದವರು ಚೀಟಿ ಹಿಡಿದು ಆ ಬೆಂಚುಗಳ ಮೇಲೆ ಕೂತು, ಗೋಡೆ ನೋಡುತ್ತ ತಮ್ಮ ಪಾಳಿಗೆ ಕಾಯುತ್ತಿದ್ದರು. ಒಳಗಿನಿಂದ ಅಕ್ಕಾರ ದನಿ ಕೇಳುತ್ತಿತ್ತು: "ಉಸ್ರು ಎಳಕೊಳ್ರಿ... ಹಿಡೀರಿ... ಹಂಗ ಇರ್ರಿ... ಹಾಂ, ಬಿಡ್ರಿ." ದಿನಕ್ಕೆ ಎಷ್ಟೋ ಸಲ ಕೇಳಿ ಕೇಳಿ, "ಹಿಡೀರಿ" ಅಂದ ಕೂಡಲೇ ಮಾತ್ರೆಯ ಪಟ್ಟಿ ಕೈಯಲ್ಲಿ ಹಿಡಿದು ನಾನೂ ಉಸಿರು ಬಿಗಿಹಿಡಿದು ನಿಂತಿರುತ್ತಿದ್ದೆ. ಎದುರಿಗಿದ್ದ ರೋಗಿ, ಇವನಿಗೇನಾಯಿತಪ್ಪ ಎಂದು ಗಾಬರಿಯಾಗುತ್ತಿದ್ದ.

ಅಕ್ಕಾರು ಕುಳ್ಳಗೆ, ತೆಳ್ಳಗೆ. ಹತ್ತಿ ಸೀರೆ, ಗಂಡಸರ ಕೈಗಡಿಯಾರ, ಕಾಲಿಗೆ ಬಿಳಿ ಕ್ಯಾನ್ವಾಸ್ ಬೂಟು. ಸೀರೆಯ ಮೇಲೆ ಆ ಬೂಟು ನೋಡಿ ಹೊಸ ನರ್ಸುಗಳು ಮುಸಿಮುಸಿ ನಗುತ್ತಿದ್ದರು. ಆ ಬೂಟು ಯಾಕೆಂದು ನನಗೂ ಬಹಳ ಕಾಲ ಗೊತ್ತಿರಲಿಲ್ಲ. ಒಂದು ಮಾಗಿಯ ಸೋಮವಾರ ಅವರ ಸೀರೆಯ ಅಂಚಿನ ತುಂಬ ಉತ್ತರಾಣಿ ಮುಳ್ಳು ಅಂಟಿಕೊಂಡಿದ್ದವು. ಮೊಣಕೈ ತರಚಿತ್ತು. ಟಿಂಚರ್ ಹಚ್ಚುತ್ತ ಕೇಳಿದೆ.

"ಗುಡ್ಡದ ಫೋಟೋ ತೆಗಿಯಾಕ ಹೋಗಿದ್ನಿರಿ" ಅಂದರು.

"ಗುಡ್ಡಕ್ಕೇನಾಗೈತ್ರಿ ಅಕ್ಕಾರ, ಕೆಮ್ಮು ಬಂದೈತೇನು?"

ನಾನು ಚೇಷ್ಟೆಗೆ ಕೇಳಿದ್ದು. ಅವರು ನಗಲಿಲ್ಲ. "ಏನಾಗೈತಿ ಅಂತ ನೋಡಾಕ ಹೋಗಿದ್ದೆ" ಅಂದರು. ಆವತ್ತಿನಿಂದ ನನಗೆ ಅವರ ಮೇಲೆ ಕುತೂಹಲ ಹತ್ತಿಕೊಂಡಿತು. ಇಂದಿಗೂ ಬಿಟ್ಟಿಲ್ಲ.

ನಮ್ಮ ಊರಿನಿಂದ ಬಳ್ಳಾರಿ ರಸ್ತೆ ಹಿಡಿದು ಹೋದರೆ ಬಲಗಡೆಗೆ ಸಂಡೂರಿನ ಬೆಟ್ಟಸಾಲು ಜೊತೆಜೊತೆಗೆ ಬರುತ್ತದೆ. ನಾನು ಹುಟ್ಟಿದಾಗಿನಿಂದ ಅದು ಅಲ್ಲೇ ಇದೆ, ನಾನೂ ಇಲ್ಲೇ ಇದ್ದೇನೆ, ಒಬ್ಬರನ್ನೊಬ್ಬರು ಮಾತಾಡಿಸಿರಲಿಲ್ಲ. ಅಕ್ಕಾರು ಹೇಳುತ್ತಿದ್ದರು, ಬೇಸಿಗೆಯಲ್ಲಿ ಅದು ಧೂಳಿನ ಹಿಂದೆ ಒಂದು ಬೂದು ಗೆರೆ, ಮಳೆಗಾಲದಲ್ಲಿ ಮೋಡ ಕವುಚಿಕೊಂಡಿರುತ್ತದೆ, ಅದನ್ನು ನೋಡಬೇಕಾದರೆ ಮಾಗಿಯಲ್ಲೇ ನೋಡಬೇಕು ಅಂತ. ಮಾಗಿಯಲ್ಲಿ ಸೂರ್ಯ ದಕ್ಷಿಣಕ್ಕೆ ಸರಿದು ಹುಟ್ಟುತ್ತಾನೆ. ಬೆಳಕು ಬೆಟ್ಟದ ಉದ್ದಕ್ಕೂ ಅಡ್ಡಡ್ಡ ಹರಿಯುತ್ತದೆ. "ಎದುರಿಗಿಂದ ಲೈಟ್ ಬಿದ್ರ ಎಲ್ಲಾ ಸಪಾಟ ಕಾಣ್ತೈತ್ರಿ. ಪಕ್ಕದಿಂದ ಬಿದ್ರ ನೋಡ್ರಿ, ಒಂದೊಂದು ಪಕ್ಕೆಲುಬೂ ಎಣಿಸಬಹುದು." ಅದೂ ಹೊತ್ತು ಹುಟ್ಟಿದ ಮೇಲೆ ಕಾಲು ಗಂಟೆ ಮಾತ್ರ. ಆಮೇಲೆ ಗದ್ದೆಯ ಮಂಜು, ರಸ್ತೆಯ ಧೂಳು ಎಲ್ಲಾ ಎದ್ದು ಕೂತುಬಿಡುತ್ತವೆ.

ಬೆಟ್ಟಸಾಲು ಉದ್ದ, ಒಂದು ಫೋಟೋದಲ್ಲಿ ಹಿಡಿಯುವುದಿಲ್ಲ. ಅದಕ್ಕೆ ಗಾದಿಗನೂರಿನ ಆಚೆ ಹೊಲಗಳ ನಡುವೆ ಇರುವ ಒಂದು ಬಂಡೆಗುಡ್ಡ ಹತ್ತಿ, ಒಂದೇ ಜಾಗದಲ್ಲಿ ನಿಂತು, ಕ್ಯಾಮೆರಾ ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ ಏಳು ಫೋಟೋ ತೆಗೆಯುತ್ತಿದ್ದರು. ಏಳನ್ನೂ ಅಂಚಿಗೆ ಅಂಚು ಕೂಡಿಸಿ ಅಂಟಿಸಿದರೆ ಈ ತುದಿಯಿಂದ ಆ ತುದಿಯವರೆಗೆ ಇಡೀ ಸಾಲು. ಕೇಳಲು ಸುಲಭ. ಹನ್ನೊಂದು ಮಾಗಿ ಕಳೆದರೂ ಅವರಿಗೆ ಏಳೂ ಒಂದೇ ಬೆಳಗ್ಗೆ ಸಿಕ್ಕಿರಲಿಲ್ಲ.

ಒಮ್ಮೆ ಅವರ ಕ್ವಾರ್ಟರ್ಸಿಗೆ ಚಹಾಕ್ಕೆ ಹೋದಾಗ ಹಾಗೆ ಅಂಟಿಸಿದ ಫೋಟೋ ಪಟ್ಟಿಗಳನ್ನು ಗೋಡೆಯ ಮೇಲೆ ನೋಡಿದೆ. ಒಂದರ ಕೆಳಗೆ ಒಂದು ಸಾಲಾಗಿ, ಪ್ರತಿ ವರ್ಷದ್ದೂ ಒಂದು. ಒಂದರಲ್ಲಿ ಮೂರನೆಯ ಜಾಗ ಖಾಲಿ, ಇನ್ನೊಂದರಲ್ಲಿ ಕೊನೆಯ ಎರಡು ಖಾಲಿ. ಮೋಡ ಬಂತಂತೆ, ಹೊಗೆ ಬಂತಂತೆ. ಹಲ್ಲು ಬಿದ್ದ ಬಾಯಿಯ ಹಾಗೆ ಆ ಪಟ್ಟಿಗಳು ನಡುನಡುವೆ ಬಿಳಿಚಿಕೊಂಡಿದ್ದವು.

"ಅಕ್ಕಾರ, ಹ್ವಾದ ವರ್ಷದ್ದು ಮೂರನೇದು ಐತಲ್ರಿ, ಅದನ್ನ ತಂದು ಇಲ್ಲಿ ಹಚ್ಚಿದ್ರಾತು. ಯಾರಿಗ್ಗೊತ್ತಾಕೈತಿ?"

ಚಹಾದ ಕಪ್ಪು ಕೆಳಗಿಟ್ಟು ನನ್ನನ್ನು ದಿಟ್ಟಿಸಿ ನೋಡಿದರು. "ನಿಮ್ಮ ಎಡಗಡಿ ಪುಪ್ಪಸ, ಬ್ಯಾರೇದವರ ಬಲಗಡಿ ಪುಪ್ಪಸ ಕೂಡ್ಸಿ ಫಿಲ್ಮ್ ಮಾಡಿ ಡಾಕ್ಟ್ರ ಕೈಗೆ ಕೊಡ್ಲೇನ್ರಿ?"

ನಾನು ಚಹಾ ಮುಗಿಸಿ ಎದ್ದೆ.

ಮೊಬೈಲಿನಲ್ಲಿ ಈಗ ಉದ್ದನೆಯ ನೋಟವನ್ನು ಒಂದೇ ಫೋಟೋದಲ್ಲಿ ಹಿಡಿಯಲೆಂದೇ ಒಂದು ಗುಂಡಿ ಇದೆಯಲ್ಲ ಎಂದು ನಾನೇ ಒಮ್ಮೆ ಹೊಸಪೇಟೆ ಕಡೆಯಿಂದ ಬೆಟ್ಟಸಾಲನ್ನು ಸರ್ರನೆ ಹಿಡಿದು ತಂದು ತೋರಿಸಿದೆ. ಕನ್ನಡಕ ಏರಿಸಿ ಪರೀಕ್ಷೆ ಮಾಡಿದರು. "ಬೆಟ್ಟ ಇರ್ಲಿ, ಈ ಆಡಿಗೆ ಯಾಕ್ರಿ ಆರು ಕಾಲು?" ಅಂದರು. ನೋಡಿದರೆ ನಿಜವೇ. ನಾನು ಫೋನು ತಿರುಗಿಸುವಾಗ ಮುಂದೆ ನಡೆಯುತ್ತಿದ್ದ ಒಂದು ಆಡನ್ನು ಫೋನು ತನಗೆ ತಿಳಿದ ಹಾಗೆ ಹೊಲಿದುಬಿಟ್ಟಿತ್ತು. ವಾರವಿಡೀ ಆಸ್ಪತ್ರೆಯಲ್ಲಿ ಎಲ್ಲರೂ ನನ್ನನ್ನು ಆರು ಕಾಲಿನ ಆಡು ತೋರಿಸು ಎಂದು ಕಾಡಿದರು.

ಇಷ್ಟೆಲ್ಲ ಯಾಕೆ? ಇದನ್ನು ಕೇಳದವರಿಲ್ಲ. ದೊಡ್ಡ ಡಾಕ್ಟರಿಗೆ ಅವರು "ಟೈಮ್ ಪಾಸ್ ಸರ್" ಎಂದಿದ್ದರು. ನರ್ಸುಗಳಿಗೆ "ವಾಕಿಂಗ್ ಆಗ್ತೈತವ್ವ" ಎಂದಿದ್ದರು. ನಾನು ಬಿಡದೆ ಕಾಡಿದ ಮೇಲೆ ಒಂದು ಮಧ್ಯಾಹ್ನ, ರೋಗಿಗಳಿಲ್ಲದ ಹೊತ್ತಿನಲ್ಲಿ, ಸಿಮೆಂಟಿನ ಬೆಂಚಿನ ಮೇಲೆ ಕೂತು ನಿಜ ಹೇಳಿದರು. ಅವರು ಕಂಪ್ಲಿಯವರು. ಹೊಳೆ ದಂಡೆ, ಭತ್ತದ ಗದ್ದೆ, ಕಣ್ಣು ಹಾಯುವವರೆಗೆ ಸಪಾಟು. ಇಲ್ಲಿ ಕೆಲಸಕ್ಕೆ ಸೇರಿದಾಗ ಚೀಟಿಯಲ್ಲಿ ಊರ ಹೆಸರು ಬರೆಯಲು ರೋಗಿಗಳನ್ನು "ಯಾವೂರು?" ಎಂದು ಕೇಳುತ್ತಿದ್ದರಂತೆ. ಅವರು ಊರ ಹೆಸರು ಹೇಳಿ, ಜೊತೆಗೆ ಕೈ ಎತ್ತಿ "ಅಲ್ಲಿ ಆಗ್ತೈತ್ರಿ" ಎಂದು ತೋರಿಸುತ್ತಿದ್ದರಂತೆ. ಗುಡ್ಡದ ಬುಡದವರು, ಗಣಿಯಲ್ಲಿ ದುಡಿಯುವವರು, ಆಡು ಕಾಯುವವರು, ಎಲ್ಲರೂ ಅದೇ ಬೋಳು ಗೋಡೆಗೆ ಕೈ ತೋರಿಸುತ್ತಿದ್ದರು.

"ನಾ ಅವರೆಲ್ಲಾರ ಎದಿ ಒಳಗ ನೋಡೀನಿ. ಅವ್ರು ಕೈ ಮಾಡಿ ತೋರ್ಸಿದ್ದು ಮಾತ್ರ ನೋಡ್ಲಿಲ್ಲ. ಗೋಡಿ ಅಡ್ಡ ಬರ್ತಿತ್ತು. ಆ ಗೋಡಿ ಮ್ಯಾಲ ಇಡೀ ಗುಡ್ಡ ಹಚ್ಚಬೇಕ್ರಿ ಅಣ್ಣಾರ. ಕುಂತವ್ರು ತಮ್ಮೂರು ತಾವ ನೋಡ್ಕೋಬೇಕು."

ಗೋಡೆ ಕೇಳಿದಾಗ ದೊಡ್ಡ ಡಾಕ್ಟರು ಒಪ್ಪಿದ್ದರು. ಆದರೆ ಒಂದು ಮಾತು ಸೇರಿಸಿದ್ದರು: ಅಕ್ಕಾರು ನಿವೃತ್ತರಾಗುವುದರೊಳಗೆ ಚಿತ್ರ ಬಂದರೆ ಗೋಡೆ ಅವರದು, ಇಲ್ಲದಿದ್ದರೆ ಅಲ್ಲಿ ಕೈ ತೊಳೆಯುವ ವಿಧಾನದ ಬೋರ್ಡುಗಳು ಬರುತ್ತವೆ. ಅಕ್ಕಾರ ನಿವೃತ್ತಿ ಜನವರಿಯ ಕೊನೆಗೆ. ಅಂದರೆ ಅವರ ಕೈಯಲ್ಲಿ ಉಳಿದದ್ದು ಒಂದೇ ಮಾಗಿ.

ಆ ಡಿಸೆಂಬರಿನಲ್ಲಿ ಅವರು ಹವಾಮಾನದ ಸುದ್ದಿಗೆ ಜೋತುಬಿದ್ದಿದ್ದರು. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ ಎಂದರೆ ಕಟಾವಿಗೆ ಬಂದ ಭತ್ತದವರೂ ಮೆಣಸಿನಕಾಯಿ ಒಣಹಾಕಿದವರೂ ಕಂಗಾಲಾಗುತ್ತಾರೆ. ಅಕ್ಕಾರ ಮುಖ ಅರಳುತ್ತಿತ್ತು. ಅಕಾಲ ಮಳೆ ಎರಡು ದಿನ ಹೊಡೆದರೆ ಗಾಳಿಯ ಧೂಳೆಲ್ಲ ತೊಳೆದುಹೋಗಿ, ಮೂರನೆಯ ಬೆಳಗ್ಗೆ ಬೆಟ್ಟ ಕೈಗೆ ಸಿಗುವಷ್ಟು ಹತ್ತಿರ ಬರುತ್ತದಂತೆ. ಕಂಪ್ಲಿಯಲ್ಲಿ ಅವರ ತಮ್ಮನದೇ ಭತ್ತ ಗದ್ದೆಯಲ್ಲಿತ್ತು. "ನನ್ನ ಬಾಯಿ ಸುಡ್ಲಿ, ಮಳಿ ಬರ್ಲಿ ಅಂತ ಬೇಡ್ಕೊಳ್ಳಾಕ ಹತ್ತೀನಲ್ರಿ" ಎಂದು ತಮ್ಮನ್ನೇ ಬೈದುಕೊಂಡು, ಮತ್ತೆ ಮೊಬೈಲಿನಲ್ಲಿ ಮೋಡದ ನಕ್ಷೆ ನೋಡುತ್ತಿದ್ದರು.

ಮಳೆ ಬಂತು. ಎರಡು ದಿನ ಸುರಿಯಿತು. ತಮ್ಮನ ಭತ್ತ ಅದರ ಹಿಂದಿನ ದಿನವೇ ಮನೆ ಸೇರಿತ್ತಂತೆ, ಪುಣ್ಯ. ಮೂರನೆಯ ದಿನ ನಸುಕಿನಲ್ಲೇ ನನಗೆ ಫೋನು: "ಅಣ್ಣಾರ, ಕ್ಯಾಮೆರಾ ಸ್ಟ್ಯಾಂಡ್ ಹೊರಾಕ ಒಬ್ರು ಬೇಕಾಗ್ಯಾರ. ಬರ್ತೀರೇನು?"

ಹೋದೆ. ಚಳಿಗೆ ಹಲ್ಲು ಕಟಕಟ ಎನ್ನುತ್ತಿದ್ದವು. ಅಕ್ಕಾರು ಮಂಕಿ ಕ್ಯಾಪ್ ಹಾಕಿ, ಸೀರೆ ಎತ್ತಿ ಕಟ್ಟಿ, ಆ ಬಿಳಿ ಬೂಟಿನಲ್ಲಿ ಬಂಡೆಯಿಂದ ಬಂಡೆಗೆ ನನಗಿಂತ ಮುಂದೆ ಏರುತ್ತಿದ್ದರು. ಮೇಲೆ ಒಂದು ಚಪ್ಪಟೆ ಬಂಡೆ. ಅದರ ಮೇಲೆ ಮೂರು ಕೆಂಪು ಚುಕ್ಕೆ, ಉಗುರಿಗೆ ಹಚ್ಚುವ ಬಣ್ಣದಲ್ಲಿ ಇಟ್ಟದ್ದು. ಕ್ಯಾಮೆರಾ ಸ್ಟ್ಯಾಂಡಿನ ಮೂರು ಕಾಲು ಪ್ರತಿ ವರ್ಷವೂ ಅದೇ ಮೂರು ಚುಕ್ಕೆಗಳ ಮೇಲೇ ನಿಲ್ಲಬೇಕು. ಆಮೇಲೆ ಚೀಲದಿಂದ ಸಲೈನಿನ ಪ್ಲಾಸ್ಟಿಕ್ ನಳಿಗೆ ತೆಗೆದು, ಅದರಲ್ಲಿ ನೀರು ತುಂಬಿ, ಗೌಂಡಿಗಳು ಗೋಡೆಯ ಮಟ್ಟ ನೋಡುವಂತೆ ಎರಡು ತುದಿ ಎತ್ತಿ ಹಿಡಿದು ಮಟ್ಟ ನೋಡಿದರು. ಒಂದು ತುದಿ ನನ್ನ ಕೈಯಲ್ಲಿ. ನೀರು ನಡುಗುತ್ತಿತ್ತು. "ನೀರಲ್ರಿ, ನೀವು ನಡಗಾಕ ಹತ್ತೀರಿ" ಎಂದು ಗದರಿದರು.

ಹೊತ್ತು ಹುಟ್ಟಿತು. ನಾನು ಏನು ನೋಡಿದೆನೋ ಅದನ್ನು ಹೇಳಲು ನನಗೆ ಬರುವುದಿಲ್ಲ. ನಲವತ್ತೆಂಟು ವರ್ಷ ದಾರಿ ಬದಿಯಲ್ಲಿ ನಿಂತಿದ್ದ ಬೂದು ಗೆರೆಗೆ ಕೊಳ್ಳಗಳಿದ್ದವು, ಮಡಿಕೆಗಳಿದ್ದವು, ಕೆಂಪು ಮಣ್ಣಿದ್ದಲ್ಲಿ ಕೆಂಪು, ಹಸಿರಿದ್ದಲ್ಲಿ ಹಸಿರು, ನೆರಳಿದ್ದಲ್ಲಿ ನೇರಳೆ. ಬಾಯಿ ಬಿಟ್ಟುಕೊಂಡು ನಿಂತೆ.

"ಬಲಗೈಯಿಂದ ಸುರು ಮಾಡೋಣು" ಎಂದು ಅಕ್ಕಾರು ತಮಗೆ ತಾವೇ ಹೇಳಿಕೊಂಡು, ಕ್ಯಾಮೆರಾವನ್ನು ಎಡಕ್ಕೆ ತಿರುಗಿಸಿದರು. ಚಳಿಗೆ ದಿಕ್ಕು ತಪ್ಪಿರಬೇಕು ಎಂದುಕೊಂಡು ನಾನು ಸುಮ್ಮನಿದ್ದೆ. "ಉಸ್ರು ಹಿಡೀರಿ" ಅಂದರು. ನನಗೋ, ಬೆಟ್ಟಕ್ಕೋ ತಿಳಿಯಲಿಲ್ಲ, ನಾನಂತೂ ಹಿಡಿದೆ. ಕ್ಲಿಕ್. "ಬಿಡ್ರಿ." ಹೀಗೆ ಏಳು ಸಲ. ಐದನೆಯದಕ್ಕೆ ಎಲ್ಲಿಂದಲೋ ಒಂದು ತುಂಡು ಮೋಡ ಬಂತು. ಇಬ್ಬರೂ ಆಕಾಶ ನೋಡುತ್ತ ನಿಂತೆವು. ಅದು ತನ್ನ ಪಾಡಿಗೆ ಹಾದುಹೋಯಿತು. ಏಳನೆಯದು ಮುಗಿದಾಗ ಅಕ್ಕಾರು ಬಂಡೆಯ ಮೇಲೆ ಕೂತುಬಿಟ್ಟರು. "ಬಂತ್ರಿ" ಅಂದರು. ಅಷ್ಟೇ. ಮಂಕಿ ಕ್ಯಾಪ್ ತೆಗೆದು ಅದರಲ್ಲೇ ಮೂಗು ಒರೆಸಿಕೊಂಡರು.

ಇನ್ನು ಮುಂದಿನದು ನನ್ನ ಪುಣ್ಯಕಾರ್ಯ.

ಅಕ್ಕಾರು ಏಳೂ ಫೋಟೋಗಳಿಗೆ ಒಂದೊಂದು ಹೆಸರು ಕೊಟ್ಟು ಪೆನ್‌ಡ್ರೈವಿಗೆ ಹಾಕಿಟ್ಟಿದ್ದರು: ಬಲ ಒಂದು, ಬಲ ಎರಡು, ಬಲ ಮೂರು, ನಡು, ಎಡ ಮೂರು, ಎಡ ಎರಡು, ಎಡ ಒಂದು. ನಿವೃತ್ತಿಯ ಕಾಗದಪತ್ರದ ಓಡಾಟ ಮುಗಿಸಿಕೊಂಡು ತಾವೇ ಬಳ್ಳಾರಿಗೆ ಹೋಗಿ, ಎದುರಿಗೆ ಕೂತು ಜೋಡಿಸಿ ಪ್ರಿಂಟು ಹಾಕಿಸುವುದು ಅವರ ಯೋಚನೆ. ನನಗೆ ಬೇರೆಯೇ ಹುಮ್ಮಸ್ಸು. ಬೀಳ್ಕೊಡುಗೆಯ ದಿನ ಆ ಚಿತ್ರವನ್ನು ಗೋಡೆಯ ಮೇಲೆ ಪರದೆ ಸರಿಸಿ ತೋರಿಸಿ ಅವರನ್ನು ಬೆರಗುಗೊಳಿಸಬೇಕು! "ಮನ್ಯಾಗ ಒಮ್ಮಿ ತೋರ್ಸಿ ಕೊಡ್ತೀನ್ರಿ" ಎಂದು ಪೆನ್‌ಡ್ರೈವ್ ಇಸಿದುಕೊಂಡು, ಮದುವೆ ಆಲ್ಬಮ್ ಮಾಡುವ ಒಬ್ಬರ ಅಂಗಡಿಗೆ ಕೊಟ್ಟೆ. ಎರಡು ದಿನಕ್ಕೆ ಅವರ ಫೋನು: "ಸರ್, ಅಂಚು ಒಂದಕ್ಕೊಂದು ಕೂಡವಲ್ವು. ಬಲದ್ದು ಬಲಕ್ಕ, ಎಡದ್ದು ಎಡಕ್ಕ ಹಚ್ಚೀನಿ, ಆದ್ರ ಗುಡ್ಡ ನಡುವ ಕಟ್ ಆಗ್ತೈತಿ."

ಆಗಲಾದರೂ ನಾನು ಹೋಗಿ ನೋಡಬೇಕಿತ್ತು. ಸ್ಟಾಕ್ ಪರಿಶೀಲನೆಯ ವಾರ ಅದು. "ನೀವ ಏನರ ಮಾಡಿ ಹೊಂದಿಸ್ರಿ, ಮದುವಿಗೆ ಬರದಿದ್ದವರನ್ನೂ ಫೋಟೋದಾಗ ತಂದು ನಿಲ್ಲಿಸ್ತೀರಲ್ಲ" ಅಂದೆ. ಅವರು ಕಸುಬುದಾರರು. ಹೊಂದಿಸಿಕೊಟ್ಟರು.

ಬೀಳ್ಕೊಡುಗೆಯ ದಿನ ಶಾಲು, ಹಾರ, ಹಣ್ಣಿನ ಬುಟ್ಟಿ, ಭಾಷಣ ಎಲ್ಲ ಮುಗಿದ ಮೇಲೆ ದೊಡ್ಡ ಡಾಕ್ಟರು ಪರದೆ ಸರಿಸಿದರು. ಗೋಡೆಯ ಉದ್ದಕ್ಕೂ ಬೆಟ್ಟ. ಚಪ್ಪಾಳೆ ಅಂದರೆ ಚಪ್ಪಾಳೆ. ನಾನು ಅಕ್ಕಾರ ಮುಖವನ್ನೇ ನೋಡುತ್ತಿದ್ದೆ. ಮೊದಲು ಅರಳಿತು. ಆಮೇಲೆ ಅವರ ಕಣ್ಣು ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಓಡಾಡತೊಡಗಿತು. ಆಮೇಲೆ ಮುಖ ಬಿಳಿಚಿತು. "ಎಲ್ಲಾರಿಗೂ ನಮಸ್ಕಾರ್ರಿ. ಭಾಳ ಸಂತೋಷಾತು" ಎಂದಷ್ಟೇ ಹೇಳಿ ಕೂತರು. ಎಲ್ಲರೂ ಒಗ್ಗರಣೆ ಮಂಡಕ್ಕಿ, ಮಿರ್ಚಿಯ ಕಡೆ ತಿರುಗಿದಾಗ ನನ್ನ ತೋಳು ಹಿಡಿದು ಗೋಡೆಯ ಹತ್ತಿರ ಎಳೆದೊಯ್ದರು.

"ಹೆಸರು ನೋಡಿ ಜೋಡ್ಸಿದ್ರೇನ್ರಿ ಅಣ್ಣಾರ?"

"ಹೌದ್ರಿ. ಬಲ ಅಂತ ಬರ್ದಿದ್ದು ಬಲಕ್ಕ, ಎಡ ಅಂತ ಬರ್ದಿದ್ದು ಎಡಕ್ಕ."

"ಯಾರ ಬಲಕ್ಕ?"

ನನಗೆ ಅರ್ಥವಾಗಲಿಲ್ಲ. ಅವರು ಎಕ್ಸ್‌ರೇ ಕೋಣೆಯೊಳಗೆ ಕರೆದುಕೊಂಡು ಹೋಗಿ, ಬೆಳಕಿನ ಪೆಟ್ಟಿಗೆಯ ಮೇಲೆ ಯಾರದೋ ಎದೆಯ ಫಿಲ್ಮು ಸಿಕ್ಕಿಸಿದರು. ನಮ್ಮ ಎಡಗಡೆಗೆ ಬರುವ ಅಂಚಿನಲ್ಲಿ ಬಲ ಎಂಬ ಗುರುತಿತ್ತು. ರೋಗಿ ನಮ್ಮೆದುರಿಗೆ ನಿಂತ ಹಾಗೆ ಫಿಲ್ಮು ಇಡುತ್ತಾರೆ. ಅವನ ಬಲಗೈ ನಮ್ಮ ಎಡಕ್ಕೆ ಬರುತ್ತದೆ. "ಇಡೀ ನೌಕರಿ ಎದುರಿಗೆ ನಿಂತವ್ರ ಬಲಗೈನ ಬಲ ಅಂತ ಬರ್ಕೊಂತ ಬಂದೀನ್ರಿ. ಗುಡ್ಡಾನೂ ಎದುರಿಗೇ ನಿಂತಿತ್ತಲ್ರಿ. ಅದರ ಬಲಗೈ ಬರ್ದೆ."

ಅಂದರೆ ಆ ಗೋಡೆಯ ಮೇಲೆ ಇದ್ದದ್ದು ಹಿಂದುಮುಂದಾದ ಬೆಟ್ಟ. ಸಂಡೂರಿನ ಕಡೆಯ ತುದಿ ಹೊಸಪೇಟೆಯ ಕಡೆಗೆ, ಹೊಸಪೇಟೆಯ ತುದಿ ಅತ್ತ. ನಡುವೆ ಆಲ್ಬಮ್ಮಿನವರು ಹೊಲಿದ, ಎಲ್ಲೂ ಇಲ್ಲದ ಬಂಡೆಗಳು. ಹನ್ನೆರಡು ಮಾಗಿಯ ಕೆಲಸ ನನ್ನ ಹುಮ್ಮಸ್ಸಿಗೆ ಹಾಳಾಗಿತ್ತು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ಈಗ ತೆಗಸ್ತೀನ್ರಿ ಅಕ್ಕಾರ. ನಾಳಿಗೇ ಸರಿ ಮಾಡ್ಸಿ..."

"ಭಾಳ ಸಿಟ್ಟು ಬಂದೈತ್ರಿ ನಂಗ ನಿಮ್ಮ ಮ್ಯಾಲ. ನನ್ನ ಮ್ಯಾಲೂ ಬಂದೈತಿ" ಅಂದರು. ಕಣ್ಣಲ್ಲಿ ನೀರಿತ್ತು. ಬೆಳಕಿನ ಪೆಟ್ಟಿಗೆ ಆರಿಸಿ, ಬಾಗಿಲಿನಿಂದ ಹೊರಗಿನ ಗದ್ದಲದ ಕಡೆ ನೋಡಿದರು. ಆಮೇಲೆ ಅವರ ಮುಖದಲ್ಲಿ, ಏನೋ ಹೊಸದು ಕಂಡಾಗ ಕನ್ನಡಕ ಏರಿಸುತ್ತಿದ್ದರಲ್ಲ, ಆ ಭಾವ ಬಂತು. "ಅಲ್ರಿ, ಇಷ್ಟು ಮಂದಿ ನೋಡಿದ್ರು. ಇದ ಗುಡ್ಡದ ಬುಡದಾಗ ಹುಟ್ಟಿದವ್ರು ಅದಾರ. ಒಬ್ರೂ ತಪ್ಪೈತಿ ಅನ್ನಲಿಲ್ಲಲ್ರಿ?"

"ನಾನೂ ಅನ್ನಲಿಲ್ರಿ" ಅಂದೆ. ಆ ಬೆಳಗ್ಗೆ ಬಾಯಿ ಬಿಟ್ಟುಕೊಂಡು ನೋಡಿದವನು, ಎರಡು ತಿಂಗಳು ಕಳೆಯುವುದರೊಳಗೆ ಮರೆತಿದ್ದೆ.

"ಇರ್ಲಿ ಬಿಡ್ರಿ. ತೆಗಿಬ್ಯಾಡ್ರಿ. ಯಾರು ಮೊದಲು 'ಇದು ಹಿಂಗಿಲ್ಲ' ಅಂತಾರ, ಅವತ್ತು ಖರೇದ್ದು ಹಚ್ಚೋಣು. ನೀವು ಕಿಟಕ್ಯಾಗ ಕುಂತು ನೋಡ್ಕೊಂತ ಇರ್ರಿ. ಅದ ನಿಮಗ ಶಿಕ್ಷಾ."

ಅಕ್ಕಾರು ಕಂಪ್ಲಿಗೆ ಹೋದರು. ಬಳ್ಳಾರಿಗೆ ಹೋಗಿ ಸರಿಯಾದ ಚಿತ್ರ ಪ್ರಿಂಟು ಹಾಕಿಸಿ ಸುರುಳಿ ಸುತ್ತಿ ಇಟ್ಟುಕೊಂಡರು. ನಾನು ಕಿಟಕಿಯಲ್ಲಿ ಕೂತೆ.

ಶಿಕ್ಷೆ ಎಂದುಕೊಂಡದ್ದು ನನಗೊಂದು ಚಟವಾಯಿತು. ಮಾತ್ರೆ ಎಣಿಸುತ್ತ ಕಿವಿ ಹೊರಗಿಡುತ್ತಿದ್ದೆ. ಜನ ಚಿತ್ರವನ್ನು ನೋಡುತ್ತಿದ್ದರು, ಚೆನ್ನಾಗಿದೆ ಅನ್ನುತ್ತಿದ್ದರು. ಒಬ್ಬರು ಊಟಿ ಅಂದರು. ಒಬ್ಬರು ಕಾಶ್ಮೀರ ಇರಬೇಕು ಅಂದರು. ಹಿಮ ಯಾಕಿಲ್ಲ ಎಂದು ಜೊತೆಯವರು ಕೇಳಿದ್ದಕ್ಕೆ, ಬೇಸಿಗೆಯಲ್ಲಿ ತೆಗೆದದ್ದು ಎಂದು ಸಮಾಧಾನ ಹೇಳಿದರು. ಆಮೇಲೆ ಊರು ಕೇಳಿದಾಗ ಅದೇ ಚಿತ್ರದ ಕಡೆಗೇ ಕೈ ತೋರಿಸಿ "ಅಲ್ಲಿ ಆಗ್ತೈತ್ರಿ" ಅನ್ನುತ್ತಿದ್ದರು. ಚೌಕಟ್ಟು ಹಾಕಿ ಗೋಡೆಗೆ ತೂಗುಹಾಕಿದ್ದು ನಮ್ಮೂರಿನದಾಗಿರಲು ಸಾಧ್ಯವೇ ಇಲ್ಲ ಎಂದು ಎಲ್ಲರೂ ಮೊದಲೇ ತೀರ್ಮಾನ ಮಾಡಿಕೊಂಡೇ ಕೂರುತ್ತಿದ್ದರು. ಭಾನುವಾರ ಭಾನುವಾರ ಕಂಪ್ಲಿಯಿಂದ ಫೋನು: "ಯಾರರ ಅಂದ್ರೇನ್ರಿ?" "ಇಲ್ರಿ." ಆ ಕಡೆ ಒಂದು ನಿಟ್ಟುಸಿರು. ಬೇಸಿಗೆ ಹೋಯಿತು, ಮಳೆಗಾಲ ಹಿಡಿಯಿತು. ಅವರ ದನಿ ಇಳಿಯುತ್ತ ಬಂತು. ಒಂದು ಭಾನುವಾರ ಫೋನು ಬರಲೇ ಇಲ್ಲ. ನಾನೇ ಮಾಡಿದೆ. "ಆ ಬೋರ್ಡುಗಳ್ನರ ಹಚ್ಚಾಕ ಹೇಳಿಬಿಡ್ರಿ ಅಣ್ಣಾರ, ಕೈ ತೊಳ್ಕೊಳ್ಳೋದರ ಕಲೀತಾರ" ಅಂದರು. ಆ ಮಾತನ್ನು ನಾನು ದೊಡ್ಡ ಡಾಕ್ಟರವರೆಗೆ ಒಯ್ಯಲಿಲ್ಲ.

ಶ್ರಾವಣ ಮುಗಿದ ಮೇಲೆ ಒಂದು ದಿನ ಗಾದಿಗನೂರಿನ ಕಡೆಯ ಒಬ್ಬ ಮುದುಕಿ ಬಂದಳು. ಕೈಯಲ್ಲಿ ಎಕ್ಸ್‌ರೇ ಚೀಟಿ, ಹೆಗಲಿಗೆ ಕಂಬಳಿ. ಕೂತಳು, ಕೆಮ್ಮಿದಳು, ಎದುರಿಗೆ ನೋಡಿದಳು. ಹುಬ್ಬು ಗಂಟಿಕ್ಕಿತು. ಎದ್ದು ಹತ್ತಿರ ಹೋದಳು. ಕತ್ತು ಆ ಕಡೆ ವಾಲಿಸಿದಳು, ಈ ಕಡೆ ವಾಲಿಸಿದಳು. ನನ್ನ ಕೈಯಲ್ಲಿದ್ದ ಮಾತ್ರೆ ಹಾಗೇ ನಿಂತವು.

"ಏ ಯಪ್ಪಾ, ಇದನ್ಯಾರು ಹಿಂಗ ತಿರುವಿ ಹಾಕ್ಯಾರ?"

"ಏನಬೇ ಅದು?" ಕಿಟಕಿಯಿಂದ ತಲೆ ಹೊರಹಾಕಿ ಕೇಳಿದೆ.

"ಕೊಳ್ಳ ಈ ಕಡಿ ಬಂದೈತಲ್ಲ. ನಮ್ಮ ಗುಡ್ಡ ಹಿಂಗಿಲ್ಲ. ನಡುವ ಈ ಬಂಡಿ ಎಲ್ಲಿಂದ ಬಂತು? ದಿನಾ ಆಡು ಹೊಡಕೊಂಡು ಹೋಗಾಕಿ ನಾನು, ನಂಗೊತ್ತಿಲ್ಲೇನು?"

ನಾನು ಔಷಧಿ ಕೋಣೆಯಿಂದ ಹೊರಗೆ ಓಡಿ ಬಂದು ಅವಳ ಎರಡೂ ಕೈ ಹಿಡಿದುಕೊಂಡೆ. ಅವಳಿಗೆ ಹೆದರಿಕೆಯಾಯಿತು, ಎದೆಯಲ್ಲಿ ಏನೋ ದೊಡ್ಡ ಕಾಯಿಲೆ ಸಿಕ್ಕಿದೆ ಎಂದು. ಸಮಾಧಾನ ಹೇಳಿ ಕೂರಿಸಿ ಕಂಪ್ಲಿಗೆ ಫೋನು ಮಾಡಿದೆ. ಅಕ್ಕಾರು ಮುದುಕಿಯ ಒಂದೊಂದು ಮಾತನ್ನೂ ಎರಡೆರಡು ಸಲ ಹೇಳಿಸಿಕೊಂಡರು. ಆಮೇಲೆ ಕೇಳಿದರು, "ಆಕಿ ರಿಪೋರ್ಟ್ ಎಷ್ಟೊತ್ತಿಗೆ ಕೊಡ್ತಾರ?"

"ಮೂರಕ್ಕ."

"ಹೋಗಾಕ ಬಿಡಬ್ಯಾಡ್ರಿ. ಬಸ್ ಹತ್ತಿದೆ ಅಂತ ತಿಳೀರಿ."

ಮೂರಕ್ಕೆ ಮೊದಲೇ ಬಂದರು. ಬಗಲಲ್ಲಿ ಅವರಿಗಿಂತ ಉದ್ದದ ಸುರುಳಿ. ಮುದುಕಿಯ ಮುಂದೆ ನಿಂತು "ನಮಸ್ಕಾರಬೇ" ಅಂದರು. ಅವಳಿಗೆ ಏನೂ ಅರ್ಥವಾಗದೆ ಕೈ ಮುಗಿದಳು. ನಾನು ಗೋಡೆಯ ಮೇಲಿದ್ದದ್ದನ್ನು ಇಳಿಸಿದೆ. ಅಕ್ಕಾರು ಒಂದು ತುದಿ, ನಾನೊಂದು ತುದಿ ಹಿಡಿದು ಹೋದ ಮಾಗಿಯ ಆ ಬೆಳಗ್ಗೆಯನ್ನು ಗೋಡೆಗೆ ಒತ್ತಿ ಹಿಡಿದೆವು.

ಮುದುಕಿ ಮೆಚ್ಚುಗೆಯ ಒಂದು ಮಾತೂ ಆಡಲಿಲ್ಲ. ಬೆರಳು ಇಟ್ಟಳು. "ಹಾಂ. ಇದು ಕೊಳ್ಳ. ಇಲ್ಲಿ ಕೆಳಗ ನಮ್ಮ ದೊಡ್ಡಿ. ಇದರ ಹಿಂದಿಂದ ಹೊತ್ತು ಬರ್ತೈತಿ."

ಬೆಂಚಿನ ಮೇಲಿದ್ದ ತಲೆಗೆ ಟವೆಲ್ ಸುತ್ತಿದ ಒಬ್ಬಾತ ಎದ್ದು ಬಂದ. "ಇದು ನಮ್ಮ ಕಡಿದೇನ್ರಿ? ಹಂಗಾರ ದೋಣಿಮಲೈ ಗಣಿ ಎಲ್ಲಿ?"

"ಅದು ಹಿಂದ ಬರ್ತೈತಿ, ಕಾಣಂಗಿಲ್ಲ" ಎಂದಳು ಮುದುಕಿ, ತಾನೇ ಗುಡ್ಡ ಇಟ್ಟವಳ ಹಾಗೆ.

"ಹಿಂದ ಅಂದ್ರ ಯಾವ ಗುಡ್ಡದ ಹಿಂದ?" ಆತ ಬಿಡಲಿಲ್ಲ. ಮಗು ಎತ್ತಿಕೊಂಡಿದ್ದ ಹೆಂಗಸು ನಡುವೆ ತೂರಿಕೊಂಡು ತನ್ನ ತವರೂರಿನ ದಾರಿ ಹುಡುಕತೊಡಗಿದಳು. ಇನ್ನೊಬ್ಬಳು ಕನ್ನಡಕ ಮರೆತುಬಂದಿದ್ದಳು. ಪಕ್ಕದವರಿಂದ ಬೆರಳು ಹಿಡಿಸಿಕೊಂಡು ತನ್ನೂರಿನ ಜಾಗದ ಮೇಲೆ ಇಡಿಸಿದಳು. "ಇಲ್ಲಲೇ, ಅದಕ್ಕಿಂತ ಈ ಕಡಿ" ಎಂದು ಜಗಳ ಶುರುವಾಯಿತು. ಎರಡೂ ಬೆಂಚು ಖಾಲಿಯಾದವು.

ಅಕ್ಕಾರು ಚಿತ್ರದ ತುದಿ ಒತ್ತಿಹಿಡಿದು ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದರು. ಅವರಿಗೆ ಬೆಟ್ಟ ಕಾಣುತ್ತಿರಲಿಲ್ಲ, ನೋಡುವವರ ಮುಖಗಳು ಕಾಣುತ್ತಿದ್ದವು. ಕಣ್ಣೀರು ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈಗೆ ಬಿಡುವಿರಲಿಲ್ಲ. ಇತ್ತ ತುದಿಯಲ್ಲಿ ನನ್ನದೂ ಅದೇ ಪಾಡು.

ಎಕ್ಸ್‌ರೇ ಕೋಣೆಯ ಬಾಗಿಲು ತೆರೆದು ಹೊಸ ಟೆಕ್ನಿಷಿಯನ್ ಮುಂದಿನವರ ಹೆಸರು ಕೂಗಿದ. ಮತ್ತೊಮ್ಮೆ ಕೂಗಿದ. ಮೂರನೆಯ ಸಲ ಜೋರಾಗಿಯೇ ಕೂಗಿದ. ಗೋಡೆ ಬಿಟ್ಟು ಒಬ್ಬರೂ ಕದಲಲಿಲ್ಲ.